ಬರೇ ಒಂದುಗಳ ಸಂಖ್ಯೆ

ನನ್ನ ಸಂಖ್ಯೆಯಲ್ಲಿ ಒಂದರ ಹೊರತು ಬೇರೆ ಅಂಕಿಯೇ ಇಲ್ಲ. ಒಂದು, ಒಂದು, ಒಂದು ಎಂದು ಬರೆಯುತ್ತ ಹೋದರೆ ಕಾಗದದ ಮೇಲೆ ಸಾಲುಗಳಾಗುತ್ತವೆ, ನೂರಾರು ಒಂದುಗಳು. ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನನ್ನಂಥದೇ ಹುಚ್ಚು ಹಿಡಿದ ನಾಲ್ಕು ಮಂದಿಗೆ ನಾನು ಯಾರೆಂದು ತಿಳಿದುಬಿಡುತ್ತದೆ.

ಸಿಕಂದರಾಬಾದಿನ ಆಚೆ, ಕುಷಾಯಿಗೂಡದ ಹತ್ತಿರದ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನಾನು ಪರೀಕ್ಷಾ ವಿಭಾಗದಲ್ಲಿದ್ದೆ. ಕಲಬುರಗಿಯಲ್ಲಿ ಓದು ಮುಗಿಸಿ ಬಂದವಳು ಇಲ್ಲಿಯೇ ಉಳಿದೆ. ಮದುವೆ ಆಗಲಿಲ್ಲ. ಅದರ ಹಿಂದೆ ಕತೆಯೇನೂ ಇಲ್ಲ, ಆಗಲಿಲ್ಲ ಅಷ್ಟೇ. ಕೆಲಸದಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ವರದಿಗಳಲ್ಲಿ ಇಂಗ್ಲಿಷು. ಕನ್ನಡ ಇದ್ದದ್ದು ಅಣ್ಣನ ಫೋನಿನಲ್ಲಿ ಮಾತ್ರ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಯುಗಾದಿಗೊಮ್ಮೆ ಫೋನು ಮಾಡುತ್ತಾರೆ.

ನಿವೃತ್ತಿಯಾದಾಗ ಹೂವಿನ ಹಾರ ಹಾಕಿ, ಶಾಲು ಹೊದಿಸಿ, ಜೀಪಿನಲ್ಲಿ ಮನೆಯವರೆಗೆ ಬಿಟ್ಟುಹೋದರು. ಮರುದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಸೀರೆ ಉಟ್ಟು, ಚಪ್ಪಲಿ ಮೆಟ್ಟಿದ ಮೇಲೆ ಹೋಗುವುದಕ್ಕೆ ಜಾಗವೇ ಇಲ್ಲವೆಂದು ನೆನಪಾಯಿತು. ಹಾಗೆಯೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತೆ. ಆ ಮೊದಲ ಬೇಸಿಗೆ ಹೇಗೆ ಕಳೆಯಿತೋ ನನಗೆ ಸರಿಯಾಗಿ ನೆನಪಿಲ್ಲ.

ನಾವು ಪರೀಕ್ಷಿಸುತ್ತಿದ್ದ ಉಪಕರಣಗಳಲ್ಲಿ ಕೆಲವು ಗುಟ್ಟಿನ ಸಂದೇಶ ಕಳಿಸುವಂಥವು. ಆ ಗುಟ್ಟಿಗೆ ಬೀಗ ಹಾಕುವುದು ದೊಡ್ಡ ಸಂಖ್ಯೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಯಂತ್ರಕ್ಕೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಗುಣಲಬ್ಧವನ್ನಷ್ಟೇ ಕೊಟ್ಟು, ಇದು ಯಾವ ಎರಡನ್ನು ಗುಣಿಸಿ ಬಂದದ್ದು ಎಂದು ಕೇಳಿದರೆ ಅದೇ ಯಂತ್ರ ಏದುಸಿರು ಬಿಡುತ್ತದೆ. ಬೀಗದ ಬಲವೆಲ್ಲ ಅಲ್ಲಿರುವುದು. ಕೆಲಸದಲ್ಲಿದ್ದಾಗ ಅದನ್ನು ಕೂತು ಯೋಚಿಸಲು ಪುರುಸೊತ್ತಿರಲಿಲ್ಲ. ಈಗ ಪುರುಸೊತ್ತೇ ಪುರುಸೊತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ, ಬೀಗ ಕೀಲಿಯ ಹಂಗಿಲ್ಲದೆ ಸುಮ್ಮನೆ ದೊಡ್ಡ ಸಂಖ್ಯೆಗಳನ್ನು ಒಡೆಯುತ್ತ ಕೂತಿರುವ ಜನ ಬೇರೆ ಬೇರೆ ದೇಶಗಳಲ್ಲಿ ಇದ್ದಾರೆಂದು ಗೊತ್ತಾಯಿತು. ಒಬ್ಬೊಬ್ಬರು ಒಂದೊಂದು ಸಂಖ್ಯೆಯನ್ನು ತಮ್ಮದೆಂದು ಹಿಡಿದುಕೊಳ್ಳುತ್ತಾರೆ. ಹಿಡಿದದ್ದನ್ನು ಬೇರೆಯವರು ಮುಟ್ಟುವುದಿಲ್ಲ, ಅದು ಅಲ್ಲಿಯ ಮರ್ಯಾದೆ. ನಾನು ಒಂದುಗಳದ್ದನ್ನು ಹಿಡಿದೆ.

ಒಂದುಗಳ ಸ್ವಭಾವ ನೋಡಲು ಚೆಂದ. ಮೂರು ಒಂದು ಬರೆದರೆ ನೂರಾಹನ್ನೊಂದು, ಅದು ಮೂವತ್ತೇಳರ ಮೂರರಷ್ಟು. ಐದು ಒಂದು ಬರೆದರೆ ನಲವತ್ತೊಂದು ಮತ್ತು ಇನ್ನೂರ ಎಪ್ಪತ್ತೊಂದಾಗಿ ಒಡೆಯುತ್ತದೆ. ಹತ್ತೊಂಬತ್ತು ಒಂದುಗಳದ್ದು ಏನು ಮಾಡಿದರೂ ಒಡೆಯುವುದಿಲ್ಲ. ನಾನು ಹಿಡಿದದ್ದು ಮಾತ್ರ ಒಡೆಯುವ ಜಾತಿಯದು, ಸಂಯುಕ್ತ ಸಂಖ್ಯೆ. ಅದು ಹೇಗೆ ಗೊತ್ತೆಂದರೆ, ಅವಿಭಾಜ್ಯ ಸಂಖ್ಯೆಗೆಂದೇ ಒಂದು ಪರೀಕ್ಷೆಯಿದೆ. ಅದರಲ್ಲಿ ಕೊನೆಗೆ ಶೇಷ ಒಂದೇ ಬರಬೇಕು. ಇದಕ್ಕೆ ಬೇರೇನೋ ಬಂತು. ಅಂದರೆ ಒಳಗೆ ಎಲ್ಲೋ ಬಿರುಕಿದೆ. ಎಲ್ಲಿ ಎಂದು ಆ ಪರೀಕ್ಷೆ ಹೇಳುವುದಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಹಳೆಯ ಕಂಪ್ಯೂಟರುಗಳನ್ನು ತಂದು ಮುಂದಿನ ಕೋಣೆಯಲ್ಲಿ ಗೋಡೆಗೆ ಹಚ್ಚಿ ಇಟ್ಟೆ. ಅವು ಹಗಲೂ ಇರುಳೂ ಓಡುತ್ತಿದ್ದವು. ಪ್ರತಿ ಸಲವೂ ಹೊಸದಾಗಿ ಅದೃಷ್ಟ ನೋಡುವ ಲೆಕ್ಕ ಅದು. ಹಿಂದಿನ ಸಲ ಏನೂ ಸಿಗಲಿಲ್ಲವೆಂಬುದು ಮುಂದಿನ ಸಲಕ್ಕೆ ನೆನಪಿರುವುದಿಲ್ಲ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಪರದೆಯ ಮೇಲೆ ಮತ್ತೊಂದು ಸಾಲು.

ಅಡುಗೆಗೆಂದು ಆಕೆ ಬಂದದ್ದು ಮರುವರ್ಷ. ಯಾದಗಿರಿ ಕಡೆಯ ಹೆಂಗಸು, ಮೂವತ್ತರ ಆಸುಪಾಸು. ಗಂಡ ಗೌಂಡಿ ಕೆಲಸದವನು, ನಮ್ಮ ಓಣಿಯ ಹಿಂದೆ ಏಳುತ್ತಿದ್ದ ಅಪಾರ್ಟ್‌ಮೆಂಟಿನ ತಗಡಿನ ಶೆಡ್ಡಿನಲ್ಲಿ ಅವರ ಬಿಡಾರ. ಮೊದಲ ದಿನ ಬಾಗಿಲಲ್ಲಿ ನಿಂತು ಹರಕು ಮುರುಕು ತೆಲುಗಿನಲ್ಲಿ ಕೆಲಸ ಕೇಳಿದಳು. ಮಾತಿನ ಧಾಟಿ ನಮ್ಮ ಕಡೆಯದೆನ್ನಿಸಿ "ಯಾವೂರವಾ?" ಎಂದೆ. ಆಕೆ ಕೈಚೀಲ ಕೆಳಗಿಟ್ಟು ಜೋರಾಗಿ ನಕ್ಕುಬಿಟ್ಟಳು.

"ಅಯ್ಯ, ನಮ್ಮಾಕೀನ ಅದೀರಿ! ಒಂದ್ ತಾಸ್ ಆತ್ರಿ ಅಕ್ಕಾರ, ತೆಲುಗು ಮನಸಿನಾಗ ಕಟಗೊಂತ ನಿಂತಿದ್ದೆ ಹೊರಗ."

ಅಂದಿನಿಂದ ಬೆಳಿಗ್ಗೆ ಎರಡು ತಾಸು ನನ್ನ ಮನೆಯಲ್ಲಿ ಮಾತು ಇರುತ್ತಿತ್ತು. ರೊಟ್ಟಿ ಬಡಿಯುತ್ತಲೇ ಮಾತಾಡುವಳು. ಪುಂಡಿಪಲ್ಯ ಇಲ್ಲಿಯವರು ಮಾಡುವುದು ಹುಳಿ ಜಾಸ್ತಿ ಎಂದೋ, ಶೆಡ್ಡಿನ ಪಕ್ಕದವರ ಜಗಳವೆಂದೋ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಚಹಾ ಹಿಡಿದು ಕೂತು ಕೇಳುತ್ತಿದ್ದೆ.

ಒಂದು ದಿನ ಕೇಳಿದಳು: "ಅಕ್ಕಾರ, ಆ ಪೆಟಗಿಗೋಳು ಯಾವಾಗ ನೋಡಿದ್ರೂ ಗುಂಯ್ ಅಂತಿರ್ತಾವಲ್ರಿ. ಏನ್ ಮಾಡಾಕತ್ತಾವ?"

"ಒಂದು ಸಂಖ್ಯೆ ಒಡ್ಯಾಕತ್ತಾವವಾ."

"ಸಂಖ್ಯಾ ಒಡೀತಾವೇನ್ರಿ? ಅದೇನು ತೆಂಗಿನಕಾಯೇನು?"

ನಾನು ಡಬ್ಬಿಯಿಂದ ಶೇಂಗಾ ತೆಗೆದು ಲಟ್ಟಣಿಗೆ ಮಣೆಯ ಮೇಲೆ ಇಪ್ಪತ್ತೊಂದು ಕಾಳು ಸಾಲು ಮಾಡಿದೆ. ಏಳೇಳರ ಮೂರು ಸಾಲು, ಚೌಕಟ್ಟಾಗಿ ಕೂತಿತು. ಆಮೇಲೆ ಹದಿಮೂರು ಕಾಳು ಕೊಟ್ಟು, ನೀನೂ ಹಾಗೆ ಸರಿಯಾಗಿ ಸಾಲು ಮಾಡು ನೋಡೋಣ ಎಂದೆ. ಎರಡೆರಡಾಗಿ ಇಟ್ಟಳು, ಒಂದು ಉಳಿಯಿತು. ಮೂರು ಮೂರಾಗಿ ಇಟ್ಟಳು, ಮತ್ತೆ ಒಂದು ಉಳಿಯಿತು. ಐದೈದಾಗಿ ಇಟ್ಟಾಗ ಮೂರು. ಕೊನೆಗೆ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, "ಈಗ ಸರಿ ಆತ್ ನೋಡ್ರಿ," ಎಂದಳು. ಇಬ್ಬರೂ ನಕ್ಕೆವು. ಆ ಮನೆಯಲ್ಲಿ ನಾನು ಸದ್ದು ಮಾಡಿ ನಕ್ಕದ್ದು ಎಷ್ಟು ದಿನದ ಮೇಲೋ.

"ನನ್ನದು ಸಾಲು ಆಗೂ ಅಂಥಾದ್ದು," ಎಂದೆ. "ಆಗತೈತಿ ಅಂತ ಖಾತ್ರಿ ಐತಿ. ಎಷ್ಟೆಷ್ಟರ ಸಾಲು ಅಂತ ಗೊತ್ತಿಲ್ಲ."

ಆಕೆ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ಬೆನ್ನು ಮಾಡಿಕೊಂಡೇ, "ನನ್ನ ತಂಗಿ ಈ ಊರಾಗ ಅದಾಳ್ರಿ," ಎಂದಳು.

ತಂಗಿ ವರ್ಷಗಳ ಹಿಂದೆ ಬೇರೆ ಜಾತಿಯ ತೆಲುಗು ಹುಡುಗನ ಜೊತೆ ಹೋದವಳು. ಅಪ್ಪ ಊರ ಮುಂದೆ, ಆಕಿ ನಮ್ಮ ಪಾಲಿಗೆ ಸತ್ತಳು ಎಂದು ಹೇಳಿ ಮನೆ ತೊಳೆಸಿದ್ದ. ಯಾರೂ ಆಕೆಯ ಹೆಸರು ಎತ್ತುವಂತಿರಲಿಲ್ಲ. ಈಗ ಅಪ್ಪನೇ ತೀರಿಕೊಂಡಿದ್ದ, ಹಿಂದಿನ ಚಳಿಗಾಲದಲ್ಲಿ.

"ಅಪ್ಪ ಹೋದದ್ದು ಆಕಿಗೆ ಗೊತ್ತಿಲ್ರಿ. ಹೇಳವ್ರ್ ಯಾರು?"

"ಅಪ್ಪ ಕಡೀಕ ಆಕೀನ ಕೇಳಲಿಲ್ಲೇನು?"

"ಇಲ್ರಿ. ಕೇಳಬೇಕಂತ ಬಾಯಿ ತಗದಂಗ ಮಾಡಿದ. ಮುಚ್ಚಿದ. ನಾ ಅಲ್ಲೇ ಕುಂತಿದ್ದೆ."

ತಂಗಿ ಈ ಊರಲ್ಲೇ ಇದ್ದಾಳೆಂದು ತಿಳಿದದ್ದು ಅವರೂರಿನ ಒಬ್ಬ ಕೂಲಿಯಾಳಿನಿಂದ. ಕಾರ್ಖಾನೆಗಳೇ ತುಂಬಿರುವ ಜೀಡಿಮೆಟ್ಲಾದ ಒಂದು ಬಸ್‌ಸ್ಟಾಪಿನಲ್ಲಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳಂತೆ. ಇವನು ಕೂಗುವುದರೊಳಗೆ ಬಸ್ಸು ಹತ್ತಿಬಿಟ್ಟಳು. ಆ ಮಾತು ಕೇಳಿದಾಗಿನಿಂದ ಈಕೆ ಬಿಡುವು ಸಿಕ್ಕಾಗಲೆಲ್ಲ ಜೀಡಿಮೆಟ್ಲಾಕ್ಕೆ ಹೋಗಿ, ಒಂದೊಂದೇ ಕಾರ್ಖಾನೆಯ ಗೇಟಿನ ಮುಂದೆ ನಿಂತು ಬರುತ್ತಿದ್ದಳು. ಔಷಧದ್ದು, ಬಣ್ಣದ್ದು, ಪ್ಲಾಸ್ಟಿಕ್ಕಿನದು, ಡ್ರಮ್ಮು ತೊಳೆಯುವಂಥದು. ಅಲ್ಲಿ ಗೇಟಿಗೆ ಕೊನೆಯಿಲ್ಲ.

"ಆತ ಮತ್ತೇನಾದ್ರೂ ಹೇಳಿದ್ನೇನು? ಸೀರಿ ಹೆಂಗಿತ್ತು, ಕೈಯಾಗ ಏನಿತ್ತು?"

"ಏನಿಲ್ರಿ. ಹಣಿ ಮ್ಯಾಲೆ ದಾರ ಕಟ್ಟಿದಂಗ ಕೆಂಪು ಗೆರಿ ಇತ್ತಂತ. ತಲಿ ನೋಯಸ್ತಿದ್ದೀತು, ಬಿಗದ್ ಕಟ್ಕೊಂಡಿರಬೇಕು."

ಚಹಾದ ಲೋಟ ಕೆಳಗಿಟ್ಟೆ. ಆ ಗೆರೆ ನನಗೆ ಗೊತ್ತು. ಧೂಳು ತಾಗಬಾರದ ಕೋಣೆಯಲ್ಲಿ ನಾನೂ ವರ್ಷಗಟ್ಟಲೆ ಕೂದಲಿಗೆ ಟೋಪಿ ಹಾಕಿ ದುಡಿದವಳು. ಇಲಾಸ್ಟಿಕ್ಕು ಹಣೆಯ ಮೇಲೆ ಗೆರೆ ಬಿಡುತ್ತದೆ, ಮನೆಗೆ ಬಂದು ಮುಖ ತೊಳೆದರೂ ಹೋಗುವುದಿಲ್ಲ. ಡ್ರಮ್ಮು ತೊಳೆಯುವಲ್ಲಿ, ಬಣ್ಣದ ಕಾರ್ಖಾನೆಯಲ್ಲಿ ಅಂಥ ಟೋಪಿ ಕೊಡುವುದಿಲ್ಲ. ಆಕೆ ಗುಳಿಗೆ ತುಂಬುವ ಕಡೆ, ಪ್ಯಾಕಿಂಗಿನಲ್ಲಿ ಇರಬೇಕು.

ನನ್ನ ಸಂಖ್ಯೆಯಲ್ಲೂ ಇಂಥದೊಂದು ಗುರುತಿದೆ. ಅದರಲ್ಲಿರುವ ಒಂದುಗಳ ಎಣಿಕೆಯೇ ಒಂದು ಅವಿಭಾಜ್ಯ ಸಂಖ್ಯೆ. ಹಾಗಿದ್ದಾಗ, ಮೂರು ಒಂದುಗಳದ್ದೊಂದನ್ನು ಬಿಟ್ಟರೆ, ಸಂಖ್ಯೆಯನ್ನು ಒಡೆಯುವ ಯಾವ ಅವಿಭಾಜ್ಯವೇ ಆಗಲಿ, ಅದನ್ನು ಆ ಎಣಿಕೆಯಿಂದ ಭಾಗಿಸಿದರೆ ಶೇಷ ಒಂದೇ ಉಳಿಯಬೇಕು. ಐದು ಒಂದುಗಳನ್ನು ಒಡೆಯುವ ನಲವತ್ತೊಂದನ್ನೂ ಇನ್ನೂರ ಎಪ್ಪತ್ತೊಂದನ್ನೂ ಐದರಿಂದ ಭಾಗಿಸಿ ನೋಡಿ. ಆ ಗುರುತಿಲ್ಲದ್ದನ್ನೆಲ್ಲ ಕೈಬಿಡಬಹುದು. ಆದರೂ ಉಳಿಯುವುದು ಸಮುದ್ರದಷ್ಟು. ಜೀಡಿಮೆಟ್ಲಾ ಅಷ್ಟು ದೊಡ್ಡದಲ್ಲ.

"ನಾಳೆ ನಾನೂ ಬರ್ತೀನಿ," ಎಂದೆ.

ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಹೋದೆವು. ಈ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ನನ್ನ ಆಧಾರಿನಲ್ಲಿ ಇಲ್ಲಿಯ ವಿಳಾಸವಿದ್ದುದರಿಂದ ನನಗೆ ಟಿಕೀಟು ಪುಕ್ಕಟೆ, ಆಕೆಯದು ಯಾದಗಿರಿಯ ವಿಳಾಸ, ದುಡ್ಡು ಕೊಡಬೇಕು. "ನೀವ್ ಇಲ್ಲಿಯವರಾಗೀರಿ ನೋಡ್ರಿ," ಎಂದಳು. ಇಷ್ಟು ವರ್ಷ ಕಳೆದರೂ ನನಗೆ ಹಾಗೆ ಅನ್ನಿಸಿಯೇ ಇರಲಿಲ್ಲ.

ಜೀಡಿಮೆಟ್ಲಾದಲ್ಲಿ ಬಸ್ಸಿಳಿಯುವ ಮೊದಲೇ ಮೂಗಿಗೆ ವಾಸನೆ ಬಡಿಯುತ್ತದೆ, ಕೊಳೆತ ಹಣ್ಣಿಗೆ ಸ್ಪಿರಿಟ್ಟು ಬೆರೆಸಿದಂಥದು. ತಂಗಿಯನ್ನು ಕಂಡಿದ್ದ ಬಸ್‌ಸ್ಟಾಪಿನಿಂದ ನಡೆದುಹೋಗುವಷ್ಟು ದೂರದಲ್ಲಿ, ಹೆಂಗಸರು ಗುಳಿಗೆ ಪ್ಯಾಕ್ ಮಾಡುವ ಕಾರ್ಖಾನೆಗಳು ಎಲ್ಲೆಲ್ಲಿವೆ ಎಂದು ಚಹಾದಂಗಡಿಯಲ್ಲಿ ವಿಚಾರಿಸಿದೆ. ಬೆರಳೆಣಿಕೆಯಷ್ಟೇ ಇದ್ದವು. ಮೊದಲ ದಿನ ಒಂದು ಗೇಟು ನೋಡಿದೆವು, ಸಿಗಲಿಲ್ಲ. ಇನ್ನೊಂದು ದಿನ ಇನ್ನೊಂದು. ಹೋಗುವಾಗ ಆಕೆ ಬಾಯಿ ಮುಚ್ಚದೆ ಮಾತಾಡುವಳು, ಬರುವಾಗ ಕಿಟಕಿಗೆ ತಲೆಯಿಟ್ಟು ಸುಮ್ಮನೆ ಕೂರುವಳು. ಹೀಗೆ ಕೆಲವು ವಾರ ಹೋಯಿತು. ಹೊಸ ಸೀರೆಯೊಂದನ್ನು ನಾನು ಜೀಡಿಮೆಟ್ಲಾದ ದಿನಕ್ಕೆಂದೇ ತೆಗೆದಿಡುತ್ತಿದ್ದೆ.

ಕೊನೆಗೆ ಹೋದ ಗೇಟಿನ ಕಾವಲುಗಾರ ಮುದುಕ. "ಎವರು ಕಾವಾಲಮ್ಮಾ?" ಯಾರು ಬೇಕೆಂದು ಕೇಳಿದ. ತಂಗಿಯ ಹೆಸರು ಹೇಳಿ, ಒಳಗಿದ್ದಾಳೆಯೇ ಎಂದು ತೆಲುಗಿನಲ್ಲಿ ಕೇಳಿದೆ. ಹಾಗೆಲ್ಲ ಹೆಸರು ಹೇಳುವಂತಿಲ್ಲ ಎಂದ. ಆಮೇಲೆ ಈಕೆಯ ಮುಖ ನೋಡಿ, ರಸ್ತೆಯೇನೂ ತನ್ನದಲ್ಲ, ಬೇವಿನ ಮರದ ಕೆಳಗೆ ಯಾರು ಬೇಕಾದರೂ ನಿಂತುಕೊಳ್ಳಬಹುದು, ಇನ್ನೇನು ಪಾಳಿ ಬಿಡುತ್ತದೆ ಎಂದ.

ಪಾಳಿ ಬಿಟ್ಟಿತು. ಹೆಂಗಸರು ಗುಂಪು ಗುಂಪಾಗಿ ಡಬ್ಬಿ ಅಲ್ಲಾಡಿಸುತ್ತ, ತೆಲುಗಿನಲ್ಲಿ ನಗೆಯಾಡುತ್ತ ಬಂದರು. ಎಲ್ಲರ ಹಣೆಯ ಮೇಲೂ ಆ ಗೆರೆ. ಈಕೆ ಒಬ್ಬೊಬ್ಬರ ಮುಖವನ್ನೂ ನುಂಗುವಂತೆ ನೋಡಿದಳು. ಗುಂಪು ಕರಗಿತು. ಈಕೆ ಇನ್ನೂ ಗೇಟಿನ ಕಡೆಯೇ ಕಣ್ಣಿಟ್ಟು ನಿಂತಿದ್ದಳು. ಆಗ ನಮ್ಮ ಹಿಂದಿನಿಂದ, ಆಗಲೇ ನಮ್ಮನ್ನು ದಾಟಿ ಹೋದವರ ನಡುವಿನಿಂದ, ಯಾರೋ ಕರೆದರು.

"ಯಕ್ಕಾ?"

ತಂಗಿ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಅದಕ್ಕೇ ಅಕ್ಕನಿಗೆ ಗುರುತು ಸಿಕ್ಕಿರಲಿಲ್ಲ. ಇಬ್ಬರೂ ಓಡಿ ಬಂದು ಅಪ್ಪಿಕೊಳ್ಳುತ್ತಾರೆಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ನಡುವೆ ಎರಡು ಮಾರು ಜಾಗ ಬಿಟ್ಟು ನಿಂತರು. ತಂಗಿ ಅಕ್ಕನ ಮುಖವನ್ನೇ ನೋಡಿದಳು, ಮತ್ತೆ ನೋಡಿದಳು.

"ಅಪ್ಪ?" ಎಂದಳು.

ಈಕೆ ಇಲ್ಲವೆಂದು ತಲೆಯಾಡಿಸಿದಳು. ತಂಗಿ ಡಬ್ಬಿ ಸಮೇತ ಬೇವಿನ ಬುಡದಲ್ಲಿ ಕುಸಿದು ಕೂತಳು. ಅಳು ಬಂದದ್ದು ಆಮೇಲೆ. ಅತ್ತು ಅತ್ತು ಮೂಗು ಒರೆಸಿಕೊಂಡು ಕೇಳಿದಳು, "ಕಡೀಕ ನನ್ನ ಕೇಳಿದ್ನೇನ?"

"ಕೇಳಿದ," ಎಂದಳು ಅಕ್ಕ, ಒಂದು ಕ್ಷಣವೂ ತಡೆಯದೆ. "ಎಲ್ಲಿ ಅದಾಳ, ಹೆಂಗ ಅದಾಳ ಅಂದ."

ನಾನು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ.

ಆಮೇಲೆ ಎಲ್ಲವೂ ಒಳ್ಳೆಯದೇ ಆಯಿತು. ತಂಗಿಯ ಗಂಡ ಕಾರ್ಖಾನೆಯ ವ್ಯಾನು ಓಡಿಸುವವನು, ಸಂಭಾವಿತ. ಅಲ್ಲೇ ಚಿಂತಲ್ ಹತ್ತಿರ ಒಂದು ಕೋಣೆಯ ಮನೆ. ಈಕೆ ವಾರಕ್ಕೊಮ್ಮೆ ಹೋಗಿ ಬರತೊಡಗಿದಳು, ಬಂದವಳು ಎರಡು ದಿನ ಅದನ್ನೇ ಹೇಳುವಳು. ನಮ್ಮ ಓಣಿಯ ಅಪಾರ್ಟ್‌ಮೆಂಟು ಮುಗಿಯುತ್ತ ಬಂದಿತ್ತು. ಗಂಡನಿಗೆ ಆ ಕಡೆಯೇ ಬೇರೆ ಕಟ್ಟಡದಲ್ಲಿ ಕೆಲಸ ಸಿಕ್ಕಿತು, ಈಕೆಗೂ ತಂಗಿಯ ಕಾರ್ಖಾನೆಯಲ್ಲೇ ಪ್ಯಾಕಿಂಗ್ ಕೆಲಸ ಹೇಳಿದ್ದರು.

"ಹೋಗಲೇನ್ರಿ ಅಕ್ಕಾರ?" ಎಂದು ಕೇಳಿದಳು. ಕೇಳುವಾಗ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು.

"ಹುಚ್ಚಿ, ಕೇಳೂದೇನೈತಿ ಇದರಾಗ? ಹೋಗು."

ಹೋಗುವ ಮುಂಚಿನ ದಿನ ಮಧ್ಯಾಹ್ನದವರೆಗೂ ಕೂತು ಕಡಕ ರೊಟ್ಟಿ ಮಾಡಿ, ಬಟ್ಟೆಯಲ್ಲಿ ಕಟ್ಟಿ, ಡಬ್ಬಿಯಲ್ಲಿಟ್ಟಳು. ತಿಂಗಳಾದರೂ ಕೆಡುವುದಿಲ್ಲ ಎಂದಳು. ನಾನು ಅದನ್ನು ತಿಂಗಳಿಗಿಂತ ಹೆಚ್ಚು ದಿನ ತಿಂದೆ, ಕೊನೆಕೊನೆಗೆ ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಸಿ.

ಬೇರೆ ಅಡುಗೆಯವರನ್ನು ಹುಡುಕಲಿಲ್ಲ. ಒಬ್ಬಳಿಗೆ ಏನು ಅಡುಗೆ. ಮನೆ ಮತ್ತೆ ಮೊದಲಿನಂತಾಯಿತು ಎಂದುಕೊಂಡೆ, ಆದರೆ ಮೊದಲಿನಂತೆ ಆಗಿರಲಿಲ್ಲ. ಮೊದಲು ಯಂತ್ರಗಳ ಗುಂಯ್‌ಗುಡುವಿಕೆ ನನಗೆ ಜೊತೆಯಿದ್ದಂತೆ ಇತ್ತು. ಈಗ ಅದು ಬರೇ ಸದ್ದು. ಒಮ್ಮೊಮ್ಮೆ ಅವುಗಳ ಮುಂದೆ ನಿಂತು, "ಏನ್ರಪಾ, ಇವತ್ತರ ಏನಾರ ಸಿಕ್ಕೀತೇನು?" ಎಂದು ಕೇಳಿಬಿಡುತ್ತಿದ್ದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಸಿಕ್ಕದ್ದು ಮಳೆಗಾಲದ ಒಂದು ಮಧ್ಯಾಹ್ನ. ಓಣಿಗೆ ನೀರಿನ ಟ್ಯಾಂಕರು ಬಂದಿತ್ತು, ಹೊರಗೆ ಬಿಂದಿಗೆಗಳ ಗದ್ದಲ. ಒಗೆದ ಬಟ್ಟೆಗಳನ್ನು ಒಳಗೆ ತಂದು ಕುರ್ಚಿಯ ಮೇಲೆ ಹಾಕುತ್ತಿದ್ದವಳು ಪರದೆ ನೋಡಿದೆ. ದಿನವೂ ಬರುವ ಸಾಲುಗಳ ಕೆಳಗೆ ಬೇರೆ ಥರದ ಒಂದು ಸಾಲು. ಐವತ್ತಕ್ಕೂ ಮಿಕ್ಕಿ ಅಂಕಿಗಳು, ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲ ಥರದವು. ಬರೇ ಒಂದುಗಳ ಆ ಬೋಳು ಗೋಡೆಯೊಳಗೆ ಇಷ್ಟೆಲ್ಲ ಇತ್ತೇ ಎನ್ನಿಸಿತು.

ನಂಬಿಕೆ ಬರಲಿಲ್ಲ. ಒಂದುಗಳ ಎಣಿಕೆಯಿಂದ ಅದನ್ನು ಭಾಗಿಸಿದೆ, ಶೇಷ ಒಂದು. ಆಮೇಲೆ ನನ್ನ ಇಡೀ ಸಂಖ್ಯೆಯನ್ನು ಅದರಿಂದ ಭಾಗಿಸಿದೆ. ಶೇಷ ಸೊನ್ನೆ. ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಎದೆಗೆ ಅವಚಿಕೊಂಡು ನಿಂತಿದ್ದೆ ಎಂದು ರವಿಕೆ ತಣ್ಣಗಾದ ಮೇಲೆ ತಿಳಿಯಿತು. ಸೃಷ್ಟಿಯಾದಾಗಿನಿಂದ ಹಾಗೆಯೇ ಇದ್ದ ಒಂದು ಸಂಗತಿ, ಅದು ಈ ಗಳಿಗೆಯಲ್ಲಿ ನನ್ನೊಬ್ಬಳಿಗೇ ಗೊತ್ತು.

ಭಾಗಿಸಿ ಬಂದ ಇನ್ನೊಂದು ತುಂಡನ್ನೂ ಪರೀಕ್ಷೆಗೆ ಹಾಕಿದೆ. ಅದು ಅವಿಭಾಜ್ಯವಾಗಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆಗಿರಲಿಲ್ಲ. ಅದೂ ಸಂಯುಕ್ತವೇ, ಅದೂ ಎಲ್ಲೋ ಒಡೆಯುತ್ತದೆ, ಎಲ್ಲಿ ಎಂದು ಗೊತ್ತಿಲ್ಲ.

ಹೊರಗೆ ಬಂದೆ. ಪಕ್ಕದ ಮನೆಯಾಕೆ ಬಿಂದಿಗೆ ಹಿಡಿದು ಸರದಿಯಲ್ಲಿ ನಿಂತಿದ್ದರು. ನನ್ನ ಮುಖದಲ್ಲಿ ಏನೋ ಕಂಡಿರಬೇಕು, "ಏಮಯಿಂದಂಡೀ?" ಏನಾಯಿತು ಎಂದರು. ಹೇಳಬೇಕೆಂದು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡುವುದು? ಶೇಂಗಾ ಕಾಳಿನಿಂದಲೇ? "ಏಮೀ ಲೇದಂಡೀ," ಏನಿಲ್ಲ ಎಂದು ಹೇಳಿ ಒಳಗೆ ಬಂದೆ.

ಯಾದಗಿರಿಯಾಕೆಗೆ ಫೋನು ಮಾಡಿದೆ. ಕೆಲಸದ ಹೊತ್ತಿನಲ್ಲಿ ಅವರಿಗೆ ಫೋನು ಒಳಗೆ ಒಯ್ಯಲು ಬಿಡುವುದಿಲ್ಲ. ಸಂಜೆ ಆಕೆಯೇ ಮಾಡಿದಳು.

"ಫೋನ್ ಮಾಡಿದ್ರ್ಯಾ ಅಕ್ಕಾರ? ಆರಾಮ ಅದೀರಿಲ್ಲ?"

"ಆರಾಮ್ ಅದೀನಿ. ಸಂಖ್ಯೆ ಒಡೀತವಾ."

"ಹೌದ್ರಿ?" ಧ್ವನಿ ಏರಿತು. "ಎಷ್ಟ್ ತುಂಡ್ ಆತ್ರಿ?"

"ಎರಡು. ಒಂದು ಸಣ್ಣದು, ಒಂದು ದೊಡ್ಡದು. ದೊಡ್ಡದು ಇನ್ನೂ ಒಡೀತೈತಿ."

"ಹಂಗಾರ ಮತ್ತ ಹುಡುಕೂದ ಐತೇನ್ರಿ?" ಎಂದು ನಕ್ಕಳು. ಹಿಂದೆ ಕುಕ್ಕರು ಸೀಟಿ ಹೊಡೆಯಿತು, ಕನ್ನಡದಲ್ಲೇ ಯಾರೋ ಆಕೆಯನ್ನು ಕೂಗಿದರು. "ತಂಗಿ ಕರ್ಯಾಕತ್ತಾಳ್ರಿ. ಐತವಾರ ಬರ್ರಿ ನೀವು, ಊಟಕ್ಕ. ಬರಲೇಬೇಕು. ಇಡ್ಲೇನ್ರಿ?"

"ಇಡವಾ."

ಅಷ್ಟು ಹೊತ್ತಿಗೆ ನಾನು ಫಲಿತಾಂಶವನ್ನು ಇಂಟರ್ನೆಟ್ಟಿನ ನಮ್ಮ ಗುಂಪಿಗೆ ಕಳಿಸಿಯಾಗಿತ್ತು. ಯಾವುದೋ ದೇಶದ ಒಬ್ಬರು ತಾಳೆ ನೋಡಿ, ಸರಿಯಿದೆ, ಅಭಿನಂದನೆ ಎಂದು ಒಂದು ಸಾಲು ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ಉಳಿದ ಭಾಗವನ್ನು ನೀವೇ ಇಟ್ಟುಕೊಳ್ಳುತ್ತೀರೋ, ಬೇರೆಯವರಿಗೆ ಬಿಡುತ್ತೀರೋ?

ಆ ಭಾನುವಾರ ಚಿಂತಲ್‌ಗೆ ಹೋದೆ. ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು, ನನಗೆ ಗೊತ್ತಿಲ್ಲದ ಊರಿನ, ನನಗೆ ಗೊತ್ತಿಲ್ಲದ ಜನರ ಸುದ್ದಿ ಹೇಳಿಕೊಂಡು ನಗುತ್ತಿದ್ದರು. ನನ್ನನ್ನು ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕೂರಿಸಿ, ಫ್ಯಾನು ನನ್ನ ಕಡೆ ತಿರುಗಿಸಿ, ಮೊದಲ ತಾಟು ನನಗೇ ಹಾಕಿದರು. ಹೊಟ್ಟೆ ತುಂಬ ಉಂಡೆ. ಬಸ್‌ಸ್ಟಾಪಿನವರೆಗೂ ಇಬ್ಬರೂ ಬಂದು ಹತ್ತಿಸಿದರು.

ಮನೆಗೆ ಬಂದು ಕೈಕಾಲು ತೊಳೆದು, ಉಳಿದ ಭಾಗ ನಾನೇ ಇಟ್ಟುಕೊಳ್ಳುತ್ತೇನೆ ಎಂದು ಬರೆದು ಕಳಿಸಿದೆ. ಮಳೆ ನಿಂತಿತ್ತು, ಕಿಟಕಿ ತೆರೆದೆ. ಬೀದಿದೀಪ ಹತ್ತುವ ಹೊತ್ತು. ಅನ್ನಕ್ಕೆ ಇಟ್ಟೆ. ಯಾವ ಗುಂಗಿನಲ್ಲಿದ್ದೆನೋ ಇಬ್ಬರಿಗಾಗುವಷ್ಟು ಅಕ್ಕಿ ಹಾಕಿಬಿಟ್ಟಿದ್ದೆ. ಮಿಕ್ಕಿದ ಅನ್ನಕ್ಕೆ ಮರುದಿನ ಬೆಳಿಗ್ಗೆ ಸಾಸಿವೆ ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ತಿಂದೆ.